ಆರು ಪೆನ್ಸಿಗೆ ಚಿನ್ನದ ನೀರು: 1887ರ ಒಂದು ಬೆಳ್ಳಿ ನಾಣ್ಯದ ಪ್ರಕರಣ

ಇಂಗ್ಲೆಂಡಿನ ಒಂದು ಮನೆಯ ಹೊಲಿಗೆ ಪೆಟ್ಟಿಗೆಯಲ್ಲಿ, ಗುಂಡಿ ಸೂಜಿಗಳ ನಡುವೆ, ಮೆತ್ತನೆಯ ಪ್ಲಾಸ್ಟಿಕ್ ಚೀಲದೊಳಗೆ ಈ ನಾಣ್ಯ ಎಷ್ಟೋ ವರ್ಷ ಬಿದ್ದಿತ್ತು. ಜೊತೆಯಲ್ಲಿದ್ದ ಚೀಟಿಯ ಮೇಲೆ ‘ಅಜ್ಜಿಯ ಅರ್ಧ ಸವರನ್’ ಎಂದು ಬರೆದಿತ್ತು. ಒಂದು ಬದಿಯಲ್ಲಿ ವಿಕ್ಟೋರಿಯಾ ರಾಣಿ. ತಲೆಯ ಮೇಲೆ ಪುಟ್ಟದೊಂದು ಕಿರೀಟ, ಹಿಂದೆ ಇಳಿಬಿದ್ದ ಮುಸುಕು. ಇನ್ನೊಂದು ಬದಿಯಲ್ಲಿ ಕಿರೀಟ ಹೊತ್ತ ಗುರಾಣಿ, ಅದರ ಕೆಳಗೆ 1887. ಬೆಲೆ ಎಷ್ಟೆಂದು ಎಲ್ಲೂ ಇಲ್ಲ.

ಬಣ್ಣವೇ ಎಲ್ಲರನ್ನೂ ಗೊಂದಲಕ್ಕೆ ಹಾಕಿದ್ದು. ಕೆನ್ನೆ, ಕಿರೀಟ, ಗುರಾಣಿಯ ಉಬ್ಬುಗಳಲ್ಲಿ ಬೂದುಬಿಳುಪು. ಅಕ್ಷರಗಳ ಸಂದಿಯಲ್ಲಿ, ಮುಸುಕಿನ ಮಡಿಕೆಗಳಲ್ಲಿ ಅಚ್ಚ ಹಳದಿ ಹೊಳಪು. ಆ ಹಳದಿಯ ಮೇಲೆ ಅಲ್ಲಲ್ಲಿ ರಾಗಿಕಾಳಿಗಿಂತ ಸಣ್ಣ ಕಪ್ಪು ಚುಕ್ಕೆಗಳು. ಅಂಚಿನ ಹಲ್ಲುಗೆರೆಗಳ ನಡುವೆ ಅಂಟಂಟಾದ ಹಸಿರು. ಮನೆಯವರಿಗೆ ಮೂರು ವಿಷಯ ತಿಳಿಯಬೇಕಿತ್ತು: ಇದು ಚಿನ್ನವೇ? ಅಲ್ಲದಿದ್ದರೆ ಈ ಹಳದಿ ಕಲೆಯನ್ನು ತೆಗೆಯುವುದು ಹೇಗೆ? ಬೆಳ್ಳಿ ತೊಳೆಯುವ ದ್ರಾವಣದ ಬಾಟಲಿ ತಂದಿಟ್ಟಿದ್ದೇವೆ, ಅದ್ದಬಹುದೇ?

ಮೂರನೆಯ ಪ್ರಶ್ನೆಗೆ ಉತ್ತರ ಮೊದಲು ಕೊಡಬೇಕಾಯಿತು: ಬಾಟಲಿಯ ಮುಚ್ಚಳ ತೆಗೆಯಬೇಡಿ. ಹೆಸರು ಗೊತ್ತಾಗುವ ಮೊದಲೇ ತೊಳೆದ ನಾಣ್ಯದ ಹೆಸರು ಆಮೇಲೆ ಗೊತ್ತಾಗದೆಯೂ ಹೋಗಬಹುದು. ಈ ಪ್ರಕರಣದಲ್ಲಂತೂ ‘ಕಲೆ’ ಎಂದುಕೊಂಡದ್ದೇ ನಾಣ್ಯದ ಅತಿ ಮುಖ್ಯ ಭಾಗವಾಗಿತ್ತು.

ತೂಕ, ಅಗಲ, ನೀರು

ನಮ್ಮಲ್ಲಿ ಸವರನ್, ಕರಾವಳಿಯ ಕಡೆ ಪವನ್ ಎಂದರೆ 8 ಗ್ರಾಂ ಚಿನ್ನ. ಆ ಲೆಕ್ಕ ಬಂದದ್ದು ಬ್ರಿಟಿಷ್ ಸವರನ್ ನಾಣ್ಯದಿಂದಲೇ. ಅದರ ತೂಕ 7.988 ಗ್ರಾಂ, 22 ಕ್ಯಾರೆಟ್. ಹಾಗಾಗಿ ಹತ್ತು ಷಿಲಿಂಗ್ ಬೆಲೆಯ ಅರ್ಧ ಸವರನ್ ನಾಣ್ಯ 3.994 ಗ್ರಾಂ ತೂಗಬೇಕು. ಚಲಾವಣೆಯಲ್ಲಿ ಸವೆದಿದ್ದರೂ 3.9ರ ಆಸುಪಾಸಿನಲ್ಲಿರಬೇಕು. ಈ ನಾಣ್ಯವನ್ನು 0.001 ಗ್ರಾಂ ತೋರಿಸುವ ತಕ್ಕಡಿಯಲ್ಲಿಟ್ಟಾಗ ಬಂದದ್ದು 2.740. ಅಲ್ಲಿಗೆ ಚಿನ್ನದ ಮಾತು ಬಹುಮಟ್ಟಿಗೆ ಮುಗಿಯಿತು. ಅಗಲ 19.3 ಮಿಲಿಮೀಟರ್, ಅರ್ಧ ಸವರನ್ನಿನದೂ ಅಷ್ಟೇ, ಆರು ಪೆನ್ಸಿನದೂ ಅಷ್ಟೇ. ಅಗಲ ಅಳೆಯುವ ಕ್ಯಾಲಿಪರ್ ಒಂದನ್ನೇ ನಂಬಿ ಕೂತವರು ಇಲ್ಲಿ ಮೋಸ ಹೋಗುತ್ತಾರೆ. ಕ್ಯಾಲಿಪರಿನ ಉಕ್ಕಿನ ತುದಿ ನೇರವಾಗಿ ಅಂಚಿಗೆ ತಾಗಿದರೆ ಗೀರು ಬೀಳುತ್ತದೆ. ಪ್ಲಾಸ್ಟಿಕ್ಕಿನ ಕ್ಯಾಲಿಪರ್ ಬಳಸಿ, ಇಲ್ಲವೇ ಎರಡೂ ತುದಿಗೆ ತೆಳು ಕಾಗದ ಸುತ್ತಿ ಅದರ ದಪ್ಪ ಕಳೆಯಿರಿ.

1816ರ ಕಾನೂನಿನ ನಂತರ ಒಂದು ಟ್ರಾಯ್ ಪೌಂಡ್, ಅಂದರೆ ಸುಮಾರು 373 ಗ್ರಾಂ, ಸ್ಟರ್ಲಿಂಗ್ ಬೆಳ್ಳಿಯಿಂದ 66 ಷಿಲಿಂಗ್ ಟಂಕಿಸುತ್ತಿದ್ದರು. ಅದರಿಂದ ಷಿಲಿಂಗಿಗೆ 5.655 ಗ್ರಾಂ, ಅರ್ಧ ಷಿಲಿಂಗ್ ಆದ ಆರು ಪೆನ್ಸಿಗೆ 2.828 ಗ್ರಾಂ, ಎರಡೂವರೆ ಷಿಲಿಂಗಿನ ಅರ್ಧ ಕ್ರೌನಿಗೆ 14.14, ಐದು ಷಿಲಿಂಗಿನ ಕ್ರೌನಿಗೆ 28.28. ಈ ನಾಲ್ಕು ಅಂಕಿ ನೆನಪಿದ್ದರೆ 1816ರಿಂದೀಚೆಯ ಬ್ರಿಟಿಷ್ ಬೆಳ್ಳಿ ನಾಣ್ಯಗಳ ಗುರುತು ಅರ್ಧ ಹಿಡಿದಂತೆ. 1919ರವರೆಗೆ ಬೆಳ್ಳಿ ಸಾವಿರಕ್ಕೆ 925. 1920ರಿಂದ 500ಕ್ಕೆ ಇಳಿಯಿತು. 1947ರಲ್ಲಿ ಚಲಾವಣೆಯ ನಾಣ್ಯಗಳಿಂದ ಬೆಳ್ಳಿಯೇ ಹೋಗಿ ತಾಮ್ರ-ನಿಕ್ಕಲ್ ಬಂತು. ನಮ್ಮ ನಾಣ್ಯ 2.828ಕ್ಕಿಂತ ನೂರಕ್ಕೆ 3ರಷ್ಟು ಕಡಿಮೆ ತೂಗಿತು. ಕೆನ್ನೆ, ಕಿರೀಟ ಇಷ್ಟು ಸವೆದ ಆರು ಪೆನ್ಸಿಗೆ ಇದು ಸರಿಯಾದ ಲೆಕ್ಕವೇ.

ಆದರೂ ತೂಕ ಒಂದೇ ಸಾಕ್ಷಿ ಆಗಬಾರದು. ಗಿಲೀಟು ಹಾಕಿದ ಹಿತ್ತಾಳೆಯ ಬಿಲ್ಲೆಯೂ ಇಷ್ಟೇ ತೂಗುವಂತೆ ಮಾಡಬಹುದು. ಅದಕ್ಕೆ ನೀರಿನ ಪರೀಕ್ಷೆ. ಸಣ್ಣ ಗಾಜಿನ ಲೋಟದಲ್ಲಿ ಡಿಸ್ಟಿಲ್ಡ್ ನೀರು ತೆಗೆದುಕೊಂಡು ಒಂದು ತೊಟ್ಟು ಪಾತ್ರೆ ತೊಳೆಯುವ ದ್ರವ ಬೆರೆಸಿ. ಲೋಟವನ್ನು ತಕ್ಕಡಿಯ ಮೇಲಿಟ್ಟು ಅಂಕಿಯನ್ನು ಸೊನ್ನೆಗೆ ತನ್ನಿ. ನಾಣ್ಯವನ್ನು ಕೂದಲಿನಷ್ಟು ತೆಳುವಾದ ನೈಲಾನ್ ಎಳೆಯಲ್ಲಿ ಕಟ್ಟಿ, ಪೂರ್ತಿ ಮುಳುಗುವಂತೆ, ಆದರೆ ತಳಕ್ಕೂ ಗೋಡೆಗೂ ತಾಗದಂತೆ ತೂಗುಬಿಡಿ. ಈಗ ತಕ್ಕಡಿ ತೋರಿಸುವುದು ನಾಣ್ಯದ ತೂಕವಲ್ಲ, ಅದು ಪಕ್ಕಕ್ಕೆ ಸರಿಸಿದ ನೀರಿನ ತೂಕ. ಒಣ ತೂಕವನ್ನು ಆ ಅಂಕಿಯಿಂದ ಭಾಗಿಸಿದರೆ ಸಾಂದ್ರತೆ ಸಿಗುತ್ತದೆ. ಇಲ್ಲಿ ನೀರಿನ ಅಂಕಿ 0.264, 2.740ನ್ನು ಭಾಗಿಸಿದಾಗ ಸುಮಾರು 10.4. ಸ್ಟರ್ಲಿಂಗ್ ಬೆಳ್ಳಿಯದು ಅದೇ. ಹಿತ್ತಾಳೆಯಾಗಿದ್ದರೆ 8.5ರ ಹತ್ತಿರ ಬರುತ್ತಿತ್ತು, 22 ಕ್ಯಾರೆಟ್ ಚಿನ್ನವಾಗಿದ್ದರೆ 17 ದಾಟುತ್ತಿತ್ತು.

ಇಷ್ಟು ಚಿಕ್ಕ ನಾಣ್ಯದಲ್ಲಿ ಈ ಪರೀಕ್ಷೆ ಎಡವುವುದು ಎರಡು ಕಡೆ. ಅಕ್ಷರಗಳ ಸಂದಿಗೆ ಗಾಳಿಗುಳ್ಳೆ ಅಂಟಿಕೊಂಡರೆ ನೀರಿನ ಅಂಕಿ ಹೆಚ್ಚಾಗಿ ಸಾಂದ್ರತೆ ತಗ್ಗುತ್ತದೆ. ಆ ಒಂದು ತೊಟ್ಟು ದ್ರವ ಅದಕ್ಕೇ. ಎರಡನೆಯದು ತಕ್ಕಡಿಯ ಮಿತಿ. ಅಡುಗೆಮನೆಯ 0.1 ಗ್ರಾಂ ತಕ್ಕಡಿ ಇಲ್ಲಿ ನಿಷ್ಪ್ರಯೋಜಕ. 0.01 ಗ್ರಾಮಿನದಾದರೆ 0.26 ಅಥವಾ 0.27 ತೋರಿಸೀತು, ಅಂದರೆ ಸಾಂದ್ರತೆ 10.1ರಿಂದ 10.5ರೊಳಗೆ. ಚಿನ್ನವೋ ಹಿತ್ತಾಳೆಯೋ ಬೆಳ್ಳಿಯೋ ಎಂದು ಬೇರ್ಪಡಿಸಲು ಅಷ್ಟು ಸಾಕು. ಇನ್ನೊಂದು ಎಚ್ಚರ: ನೀರಿಗಿಳಿಸುವ ಮೊದಲು 10 ಪಟ್ಟು ಹಿಗ್ಗಿಸುವ ಲೂಪಿನಲ್ಲಿ, ಅಂದರೆ ಪುಟ್ಟ ಭೂತಗನ್ನಡಿಯಲ್ಲಿ, ಹಳದಿ ಪೊರೆಯ ಅಂಚುಗಳನ್ನು ನೋಡಬೇಕು. ಸಿಪ್ಪೆಯಂತೆ ಎದ್ದಿದ್ದರೆ ನೀರಿನ ಪರೀಕ್ಷೆಯೇ ಬೇಡ. ಇಲ್ಲಿ ಪೊರೆ ಗಟ್ಟಿಯಾಗಿ ಕೂತಿತ್ತು.

ಒರೆಗಲ್ಲಿಗೆ ತಿಕ್ಕುವುದು, ಆಸಿಡ್ ತೊಟ್ಟು ಬಿಡುವುದು ಇಲ್ಲಿ ಸಲ್ಲದು. ಒಡವೆಗೆ ಅದು ಸರಿಯಾದ ವಿದ್ಯೆ. ನಾಣ್ಯಕ್ಕೆ ಮಾಯದ ಗಾಯ. ಮೇಲಾಗಿ ಚಿನ್ನದ ನೀರು ಕೊಟ್ಟ ವಸ್ತುವಿನ ಬಗ್ಗೆ ಹಗುರವಾದ ಒರೆ ಸುಳ್ಳನ್ನೇ ಹೇಳುತ್ತದೆ. ಚಿನ್ನದಂಗಡಿಯ ಎಕ್ಸ್-ರೇ ಕ್ಯಾರೆಟ್ ಯಂತ್ರ ನಾಣ್ಯಕ್ಕೆ ಹಾನಿ ಮಾಡುವುದಿಲ್ಲ, ಆದರೆ ಅದು ಓದುವುದು ಮೇಲ್ಮೈಯ ಕೆಲವೇ ಮೈಕ್ರಾನಿನಷ್ಟು ಆಳವನ್ನು (ಮಿಲಿಮೀಟರಿನ ಸಾವಿರದಲ್ಲೊಂದು ಭಾಗ ಒಂದು ಮೈಕ್ರಾನ್). ಪೊರೆಯ ಚಿನ್ನ, ಅಡಿಯ ಬೆಳ್ಳಿ ಎರಡನ್ನೂ ಕಲಸಿ ಯಾವುದೋ ಒಂದು ಕ್ಯಾರೆಟ್ ತೋರಿಸುತ್ತದೆ. ಆ ಕ್ಯಾರೆಟ್ ಅಂಕಿಯನ್ನು ಬದಿಗಿಟ್ಟು ಯಾವ ಯಾವ ಲೋಹ ಕಂಡವು ಎಂಬ ಪಟ್ಟಿಯನ್ನು ಮಾತ್ರ ಕೇಳಿ ಬರೆದುಕೊಳ್ಳಿ. ಮುಂದೆ ಅದು ಬೇಕಾಗುತ್ತದೆ.

ಬೆಲೆ ಬರೆಯದ ನಾಣ್ಯ

ಲೋಹ ಬೆಳ್ಳಿ, ತೂಕ ಆರು ಪೆನ್ಸಿನದು. ಆದರೆ ಆರು ಪೆನ್ಸಿನ ನಾಣ್ಯದ ಮೇಲೆ ಸಾಮಾನ್ಯವಾಗಿ ಎಲೆಮಾಲೆಯ ನಡುವೆ ‘ಸಿಕ್ಸ್ ಪೆನ್ಸ್’ ಎಂದು ಎರಡು ಸಾಲಿನಲ್ಲಿ ಇರುತ್ತದೆ. ಇದರಲ್ಲಿ ಯಾಕಿಲ್ಲ?

ಹಿಂಬದಿಯ ಗುರಾಣಿಯ ಸುತ್ತ ಲೂಪ್ ಹಿಡಿದರೆ ಉತ್ತರ ಕಾಣುತ್ತದೆ. ಗುರಾಣಿಯನ್ನು ಬಕಲ್ ಹಾಕಿದ ಪಟ್ಟಿಯೊಂದು ಸುತ್ತುವರಿದಿದೆ. ಅದು ಗಾರ್ಟರ್, ಬ್ರಿಟನ್ನಿನ ಅತ್ಯುನ್ನತ ರಾಜಗೌರವದ ಗುರುತು. ಅದರ ಮೇಲೆ ಸೂಜಿಮೊನೆಯಷ್ಟು ಸಣ್ಣ ಅಕ್ಷರಗಳಲ್ಲಿ ‘ಓನಿ ಸ್ವಾ ಕಿ ಮಾಲ್ ಇ ಪಾನ್ಸ್’ ಎಂಬ ಹಳೆಯ ಫ್ರೆಂಚ್ ವಾಕ್ಯ. ಅರ್ಧ ಸವರನ್ನಿನಲ್ಲೂ ಕಿರೀಟ ಹೊತ್ತ ಗುರಾಣಿಯೇ ಇದೆ, ಆದರೆ ಸುತ್ತ ಗಾರ್ಟರ್ ಇಲ್ಲ. ಮುಂಬದಿಯಲ್ಲಿ ಎರಡಕ್ಕೂ ಅದೇ ಮುಖ, ಅದೇ ‘ವಿಕ್ಟೋರಿಯಾ ಡೇಯಿ ಗ್ರಾಷಿಯಾ’. ಹಿಂಬದಿಯಲ್ಲೂ ಬ್ರಿಟನ್ನುಗಳ ರಾಣಿ, ಧರ್ಮರಕ್ಷಕಿ ಎಂಬ ಅರ್ಥದ ಅದೇ ಲ್ಯಾಟಿನ್ ಸಾಲು. ಒಂದೇ ಅಗಲ, ಒಂದೇ ಮುಖ, ಒಂದೇ ಬರಹ. ಬೇರೆಯಾದದ್ದು ಬಣ್ಣ ಮತ್ತು ಆ ಪಟ್ಟಿ. ಸವೆದ ನಾಣ್ಯದಲ್ಲಿ ಗಾರ್ಟರಿನ ಅಕ್ಷರಗಳು ಅಳಿಸಿಹೋದರೂ ಕೆಳಗಿನ ಬಕಲ್ ಮತ್ತು ಪಟ್ಟಿಯ ಜೋತ ತುದಿ ಕೊನೆಯವರೆಗೆ ಉಳಿಯುತ್ತವೆ. ಲೂಪಿನಲ್ಲಿ ಮೊದಲು ಅದನ್ನೇ ಹುಡುಕಿ.

ಇದು 1887ರ ‘ಹಿಂಪಡೆದ ಮಾದರಿ’ಯ ಆರು ಪೆನ್ಸ್. ಆ ವರ್ಷ ವಿಕ್ಟೋರಿಯಾ ಪಟ್ಟಕ್ಕೆ ಬಂದು ಐವತ್ತು ತುಂಬಿತು. ಜೂನ್ ತಿಂಗಳ ಸುವರ್ಣ ಮಹೋತ್ಸವಕ್ಕೆ ಹೊಸ ನಾಣ್ಯಗಳು ಬಂದವು. ವಿಯೆನ್ನಾದಲ್ಲಿ ಹುಟ್ಟಿದ ಶಿಲ್ಪಿ ಜೋಸೆಫ್ ಎಡ್ಗರ್ ಬೋಹಮ್ ರೂಪಿಸಿದ ಹೊಸ ಮುಖ ಎಲ್ಲ ಚಿನ್ನ ಬೆಳ್ಳಿ ನಾಣ್ಯಗಳ ಮೇಲೂ ಬಂತು. ತಲೆಗೆ ಹೊಂದದ ಆ ಪುಟ್ಟ ಕಿರೀಟವನ್ನು ಜನ ಆಡಿಕೊಂಡರು. ಅದಕ್ಕಿಂತ ದೊಡ್ಡ ತೊಂದರೆ ಆರು ಪೆನ್ಸಿನ ಹಿಂಬದಿಯಲ್ಲಿತ್ತು. ಹತ್ತು ಷಿಲಿಂಗಿನ ಚಿನ್ನದ ನಾಣ್ಯಕ್ಕೂ ಅರ್ಧ ಷಿಲಿಂಗಿನ ಬೆಳ್ಳಿ ನಾಣ್ಯಕ್ಕೂ ಇಪ್ಪತ್ತು ಪಟ್ಟು ಬೆಲೆಯ ಅಂತರ. ಆ ಅಂತರವನ್ನು ಹೇಳುವ ಒಂದು ಅಕ್ಷರವೂ ನಾಣ್ಯದ ಮೇಲಿರಲಿಲ್ಲ. ಹೊಸ ಆರು ಪೆನ್ಸಿಗೆ ಚಿನ್ನದ ನೀರು ಕೊಟ್ಟು ಅರ್ಧ ಸವರನ್ ಎಂದು ದಾಟಿಸಿದರು. ಜನರಿಗೆ ಎರಡು ನಾಣ್ಯವೂ ಹೊಸತು, ಮುಖವೂ ಹೊಸತು. ಸಂಜೆಯ ಗ್ಯಾಸ್ ದೀಪದ ಬೆಳಕಿನಲ್ಲಿ, ಗಿರಾಕಿಗಳ ಗಡಿಬಿಡಿಯಲ್ಲಿ, ಒಂದು ಗ್ರಾಮಿನ ಚಿಲ್ಲರೆ ವ್ಯತ್ಯಾಸ ಅಂಗಡಿಯವನ ಕೈಗೆ ತಿಳಿಯುತ್ತಿರಲಿಲ್ಲ. ಅದೇ ವರ್ಷ ಆ ಅಚ್ಚನ್ನು ಹಿಂಪಡೆದು, ‘ಸಿಕ್ಸ್ ಪೆನ್ಸ್’ ಎಂದು ಬರೆದ ಎಲೆಮಾಲೆಯ ಹಿಂಬದಿಗೆ ಮರಳಿದರು.

ಹೀಗಾಗಿ 1887ರ ಆರು ಪೆನ್ಸ್ ಮೂರು ಬಗೆಯದು: ವರ್ಷದ ಮೊದಲಿನ ಎಳೆಯ ಮುಖದ್ದು, ಗುರಾಣಿಯ ಹಿಂಪಡೆದದ್ದು, ಹೊಸ ಮುಖ ಮತ್ತು ಎಲೆಮಾಲೆಯದು. ಹಿಂಪಡೆದದ್ದು ಎಂದ ಮಾತ್ರಕ್ಕೆ ಅಪರೂಪದ್ದಲ್ಲ. ಹಿಂಪಡೆಯುತ್ತಾರೆ ಎಂಬ ಸುದ್ದಿ ಕೇಳಿ ಜನ ನೆನಪಿಗೆಂದು ಎತ್ತಿಟ್ಟುಕೊಂಡರು. ಅದರಿಂದಲೇ ಇವತ್ತಿಗೂ ಒಳ್ಳೆಯ ಸ್ಥಿತಿಯವು ಸುಲಭವಾಗಿ ಸಿಗುತ್ತವೆ. ಕೆಲವು ಅಚ್ಚುಗಳಲ್ಲಿ ಭುಜದ ಕತ್ತರಿಸಿದ ಅಂಚಿನಲ್ಲಿ ಬೋಹಮ್‌ನ ಹೆಸರಿನ ಮೊದಲಕ್ಷರಗಳು ‘ಜೆ.ಇ.ಬಿ.’ ಕಾಣುತ್ತವೆ. ಸಂಗ್ರಾಹಕರು ಅದನ್ನು ಹುಡುಕುತ್ತಾರೆ. ನಮ್ಮ ನಾಣ್ಯದಲ್ಲಿ ಅದಿಲ್ಲ.

ಕರ್ನಾಟಕದ ಮನೆಗಳಲ್ಲಿ ಸಿಗುವ ವಿಕ್ಟೋರಿಯಾ ಮುಖದ ಬೆಳ್ಳಿ ಪಾವಲಿಯನ್ನು ಇದರೊಂದಿಗೆ ಬೆರೆಸಬಾರದು. ಗಾತ್ರದಲ್ಲಿ ಎರಡೂ ಹತ್ತಿರ ಹತ್ತಿರ, ಪಾವಲಿಯ ತೂಕ 2.92 ಗ್ರಾಂ. ಆದರೆ ಪಾವಲಿಯ ಹಿಂದೆ ಅದರ ಬೆಲೆಯನ್ನೂ ‘ಇಂಡಿಯಾ’ ಎಂಬುದನ್ನೂ ಸ್ಪಷ್ಟವಾಗಿ ಬರೆದಿರುತ್ತದೆ, ಬೆಳ್ಳಿ ಸಾವಿರಕ್ಕೆ 917. ಇಂಡಿಯಾ ಎಂದಿದ್ದರೆ ಅದು ಬ್ರಿಟನ್ನಿನಲ್ಲಿ ಓಡಿದ ನಾಣ್ಯವಲ್ಲ.

ಚಿನ್ನ ಬಿದ್ದದ್ದು ಯಾವಾಗ

ಇಡೀ ಪ್ರಕರಣದ ತಿರುಳು ಇಲ್ಲಿದೆ. ಹಳದಿ ಬಣ್ಣವಿದ್ದ ಮಾತ್ರಕ್ಕೆ ‘ಮೋಸಗಾರನ ನಾಣ್ಯ’ ಎಂದು ಕುಣಿಯುವಂತಿಲ್ಲ. ವಿಕ್ಟೋರಿಯಾ ಕಾಲದಲ್ಲಿ ನಾಣ್ಯಗಳಿಂದ ಬ್ರೂಚು, ಕಫ್ ಗುಂಡಿ, ಕೈಬಳೆ ಮಾಡಿಸುವುದು ದೊಡ್ಡ ರೂಢಿ, 1887ರ ಜುಬಿಲಿ ನಾಣ್ಯಗಳಿಂದ ಇನ್ನೂ ಹೆಚ್ಚು. ಅವಕ್ಕೂ ಚಿನ್ನದ ನೀರು ಹಾಕಿಸುತ್ತಿದ್ದರು. ಈಚಿನ ವರ್ಷಗಳಲ್ಲಿ ಮಾರಾಟಕ್ಕೆಂದು ಗಿಲೀಟು ಹಾಕಿದ್ದೂ ಇರಬಹುದು. ಮೂರನ್ನೂ ಬೇರೆ ಮಾಡಿ ನೋಡುವುದು ಹೇಗೆ?

ಒಂದೇ ಪ್ರಶ್ನೆ ಇಟ್ಟುಕೊಂಡರೆ ಸಾಕು: ಮೊದಲು ಬಂದದ್ದು ಚಿನ್ನವೋ, ಸವಕಳಿಯೋ? ಹತ್ತು ಷಿಲಿಂಗಿಗೆ ದಾಟಿಸಬೇಕೆಂದವನು ಹೊಚ್ಚಹೊಸ ನಾಣ್ಯಕ್ಕೆ ನೀರು ಕೊಡುತ್ತಾನೆ. ಹೊಸ ಮುಖದ ಸವೆದ ಅರ್ಧ ಸವರನ್ ಆ ಬೇಸಿಗೆಯಲ್ಲಿ ಇರಲು ಸಾಧ್ಯವೇ ಇರಲಿಲ್ಲ. ಹಾಗಾದರೆ ಚಿನ್ನ ಉಳಿದಿರುವ ಸಂದಿಗಳಲ್ಲಿ ಅಚ್ಚಿನ ಗೆರೆ ಚೂಪಾಗಿರಬೇಕು, ಸವಕಳಿ ಚಿನ್ನವನ್ನು ಕೊರೆದುಕೊಂಡು ಹೋಗಿ ಬೆಳ್ಳಿಯನ್ನು ಮುಟ್ಟಿರಬೇಕು. ಸವೆದ ನಾಣ್ಯಕ್ಕೆ ಆಮೇಲೆ ನೀರು ಕೊಟ್ಟಿದ್ದರೆ, ಸವೆದ ಕೆನ್ನೆಯ ಮೇಲೂ ಹಳೆಯ ಗೀರುಗಳ ಒಳಗೂ ಚಿನ್ನ ಕೂತಿರುತ್ತದೆ.

ದೀಪವನ್ನು ಮೇಜಿನ ಮಟ್ಟಕ್ಕೆ ಇಳಿಸಿ ಓರೆಬೆಳಕಿನಲ್ಲಿ, 20 ಪಟ್ಟು ಹಿಗ್ಗಿಸಿ ನೋಡಿದಾಗ ಕಂಡದ್ದು ಇದು. ಮುಸುಕಿನ ಮಡಿಕೆಯ ತಳದಲ್ಲಿ ಗೆರೆಗಳು ಇನ್ನೂ ಹರಿತ, ಅಲ್ಲಿ ಹಳದಿ ಗಾಢ. ಮಡಿಕೆಯ ನೆತ್ತಿಗೆ ಬಂದಂತೆ ಹಳದಿ ತೆಳುವಾಗುತ್ತ, ಅಂಚಿನಲ್ಲಿ ನಿಂಬೆಬಣ್ಣಕ್ಕೆ ತಿರುಗಿ, ನೆತ್ತಿಯಲ್ಲಿ ಬರೀ ಬೆಳ್ಳಿ. ರಾಣಿಯ ಹೆಸರಿನ ‘ಓ’ ಅಕ್ಷರದ ಹೊಟ್ಟೆಯೊಳಗೆ ಚಿನ್ನದ ಪುಟ್ಟ ಕೊಳ, ಅದರ ಮೇಲೆ ಗಟ್ಟಿಯಾದ ಕಂದು ಕೊಳೆ. ಕುತ್ತಿಗೆಗೆ ಅಡ್ಡಲಾಗಿ ಒಂದು ಹಳೆಯ ಗೀರು. ಅದರ ಎರಡೂ ದಡದಲ್ಲಿ ಚಿನ್ನ, ಗೀರಿನೊಳಗೆ ಬೆಳ್ಳಿ. ಚಿನ್ನ ಮೊದಲು, ಗೀರು ಆಮೇಲೆ ಎಂಬುದಕ್ಕೆ ಇದಕ್ಕಿಂತ ನೇರ ಸಾಕ್ಷಿ ಬೇಡ.

ಮುಂದಿನದು ಒಡವೆಯ ಗುರುತು. ಬ್ರೂಚಾಗಿದ್ದರೆ ಒಂದು ಬದಿಯಲ್ಲಿ ಪಿನ್ನಿನ ಬೆಸುಗೆಯ ಬೂದುಕಲೆ, ಅದನ್ನು ಕೆತ್ತಿ ತೆಗೆದ ಸಪಾಟು ಜಾಗ ಇರುತ್ತದೆ. ಪದಕವಾಗಿದ್ದರೆ ಹನ್ನೆರಡು ಗಂಟೆಯ ಸ್ಥಾನದಲ್ಲಿ, ಕೈಬಳೆಯ ಕೊಂಡಿಯಾಗಿದ್ದರೆ ಎದುರುಬದುರು ಎರಡು ಕಡೆ ಅಂಚಿನ ಹಲ್ಲುಗೆರೆ ಅರದಲ್ಲಿ ಉಜ್ಜಿಹೋಗಿರುತ್ತದೆ. ಚೌಕಟ್ಟಿನಲ್ಲಿ ಕೂಡಿಸಿದ್ದರೆ ಅಂಚಿನುದ್ದಕ್ಕೂ ಒತ್ತಿದ ಉಂಗುರದ ಗುರುತು. ನಾಣ್ಯವನ್ನು ಬೆರಳ ನಡುವೆ ಅಂಚು ಹಿಡಿದು ನಿಧಾನವಾಗಿ ಒಂದು ಸುತ್ತು ತಿರುಗಿಸಿ ನೋಡಲಾಯಿತು. ಹಲ್ಲುಗೆರೆ ಎಲ್ಲೂ ತುಂಡಾಗಿಲ್ಲ, ಗೆರೆಗಳ ತಳದಲ್ಲೂ ಹಳದಿ ಇದೆ, ಎರಡೂ ಬದಿಯ ಸವಕಳಿ ಒಂದೇ ಸಮ. ಬ್ರೂಚಿನಲ್ಲಿ ಎರಡು ಬದಿ ಸಮವಾಗಿ ಸವೆಯುವುದಿಲ್ಲ. ಒಂದು ಬದಿ ಬಟ್ಟೆಗೆ ಅಂಟಿಕೊಂಡಿರುತ್ತದೆ. ಎರಡೂ ಬದಿ ಸಮವಾಗಿ ಸವೆಯುವುದು ಜೇಬಿನಲ್ಲಿ, ಗಲ್ಲಾಪೆಟ್ಟಿಗೆಯಲ್ಲಿ.

ಎಕ್ಸ್-ರೇ ಯಂತ್ರದ ಪಟ್ಟಿಯಲ್ಲಿ ಚಿನ್ನ, ಬೆಳ್ಳಿ, ತಾಮ್ರ ಕಂಡವು. ಪಾದರಸ ಇಲ್ಲ, ನಿಕ್ಕಲ್ ಇಲ್ಲ. ಪಾದರಸದಲ್ಲಿ ಚಿನ್ನ ಕಲಸಿ ಬಳಿದು ಕಾಯಿಸುವ ಹಳೆಯ ಪದ್ಧತಿಯಾಗಿದ್ದರೆ ಪಾದರಸದ ಸುಳಿವು ಉಳಿಯುತ್ತದೆ. ಈಗಿನ ಪ್ಲೇಟಿಂಗ್ ಅಂಗಡಿಗಳಲ್ಲಿ ಚಿನ್ನದ ಅಡಿಗೆ ನಿಕ್ಕಲ್ ಪೊರೆ ಹಾಕುವುದು ಸಾಮಾನ್ಯ. ಎರಡೂ ಇಲ್ಲದಿದ್ದರೆ ವಿದ್ಯುತ್ತಿನಿಂದ ನೇರವಾಗಿ ಬೆಳ್ಳಿಯ ಮೇಲೆ ಕೂಡಿಸಿದ ತೆಳು ಚಿನ್ನ ಎನ್ನಬಹುದು. ಬರ್ಮಿಂಗ್‌ಹ್ಯಾಮಿನ ಎಲ್ಕಿಂಗ್ಟನ್ ಕಂಪನಿ ಈ ವಿಧಾನಕ್ಕೆ 1840ರಲ್ಲೇ ಪೇಟೆಂಟ್ ಪಡೆದಿತ್ತು. 1887ರ ಹೊತ್ತಿಗೆ ಒಂದು ಬ್ಯಾಟರಿ, ಒಂದು ಬೋಗುಣಿ ದ್ರಾವಣ ಇದ್ದವರಿಗೆಲ್ಲ ಇದು ಬರುತ್ತಿತ್ತು.

ಇಷ್ಟರಿಂದ ತೀರ್ಮಾನ: ಹೊಸತಿದ್ದಾಗಲೇ ನೀರು ಕೊಟ್ಟದ್ದು, ಒಡವೆಯಾಗಿರಲಿಲ್ಲ, ಆಮೇಲೆ ಕೈಯಿಂದ ಕೈಗೆ ಓಡಾಡಿದೆ. ಅರ್ಧ ಸವರನ್ ಎಂದು ದಾಟಿಸಲು ಮಾಡಿದ್ದು ಎಂಬುದೇ ಹೆಚ್ಚು ಸಂಭವ. ಅದಕ್ಕಿಂತ ಗಟ್ಟಿಯಾಗಿ ದಾಖಲೆಯಲ್ಲಿ ಬರೆಯಬಾರದು, ಏಕೆಂದರೆ ಉದ್ದೇಶವನ್ನು ಯಾವ ಲೂಪೂ ತೋರಿಸುವುದಿಲ್ಲ. ಉದ್ದೇಶ ಸಾಬೀತಾಗಿದ್ದರೆ ಶಿಕ್ಷೆ ಭಾರಿಯಾಗಿತ್ತು: ಬೆಳ್ಳಿ ನಾಣ್ಯಕ್ಕೆ ಚಿನ್ನದ ಬಣ್ಣ ಕೊಟ್ಟು ಚಿನ್ನದ ನಾಣ್ಯವೆಂದು ದಾಟಿಸಲು ಹೊರಟವರಿಗೆ 1861ರ ನಾಣ್ಯಾಪರಾಧ ಕಾಯಿದೆ ಜೀವಾವಧಿ ಕಠಿಣ ಸಜೆಯವರೆಗೆ ವಿಧಿಸಬಹುದಿತ್ತು. ಅರ್ಧ ಷಿಲಿಂಗಿನ ನಾಣ್ಯಕ್ಕಾಗಿ ಅಷ್ಟು ಅಪಾಯವನ್ನು ಮೈಮೇಲೆ ಎಳೆದುಕೊಂಡವರ ಕೈಕೆಲಸ ಈ ಹಳದಿ.

ಹಳದಿಯನ್ನು ತೆಗೆದರೆ ಏನಾಗುತ್ತಿತ್ತು? ಲೆಕ್ಕ ಹಾಕಿದರೆ ಅರ್ಧ ಮೈಕ್ರಾನ್ ದಪ್ಪದ ಪೊರೆ ಇಡೀ ನಾಣ್ಯವನ್ನು ಮುಚ್ಚಿದ್ದರೂ ಅದರಲ್ಲಿರುವ ಚಿನ್ನ 6 ಮಿಲಿಗ್ರಾಂ. ಕೆರೆದು ಮಾರುವ ಆಸೆಗೆ ಅರ್ಥವಿಲ್ಲ. ಉಳಿಯುತ್ತಿದ್ದದ್ದು ಸವೆದ, ತೊಳೆದ, ಮಾಮೂಲಿ 1887ರ ಆರು ಪೆನ್ಸ್. ‘ಗಿಲೀಟು ಹಾಕಿದ್ದು, ಕೆಟ್ಟದ್ದು’ ಎಂದು ಇಂಥ ನಾಣ್ಯವನ್ನು ಪಕ್ಕಕ್ಕೆ ಸರಿಸುವ ವ್ಯಾಪಾರಿಗಳಿದ್ದಾರೆ. ಒಪ್ಪಲಾಗದ ಮಾತು. ಆ ಅಚ್ಚನ್ನು ಯಾಕೆ ಹಿಂಪಡೆದರು ಎಂಬುದನ್ನು ತನ್ನ ಮೈಮೇಲೇ ತೋರಿಸುವ ನಾಣ್ಯ ಇದು. ಶುಭ್ರವಾದ ನೂರು ನಾಣ್ಯ ಅದನ್ನು ತೋರಿಸಲಾರವು.

ತೆಗೆದದ್ದು ಹಸಿರನ್ನು ಮಾತ್ರ

ಕಪ್ಪು, ಹಳದಿ, ಹಸಿರು ಮೂರಲ್ಲಿ ನಾಣ್ಯವನ್ನು ಆ ಹೊತ್ತಿಗೂ ತಿನ್ನುತ್ತಿದ್ದದ್ದು ಹಸಿರು ಒಂದೇ. ಪಿವಿಸಿ ಎಂಬ ಪ್ಲಾಸ್ಟಿಕ್ಕಿನ ಮೆತ್ತನೆಯ ಚೀಲ ಹಳತಾದಂತೆ ತನ್ನನ್ನು ಮೆತ್ತಗಿಡುವ ಎಣ್ಣೆಯಂಥ ಪದಾರ್ಥವನ್ನು ಬೆವರುತ್ತದೆ, ಜೊತೆಗೆ ಹೈಡ್ರೋಕ್ಲೋರಿಕ್ ಆಮ್ಲದ ಆವಿ ಬಿಡುತ್ತದೆ. ಸ್ಟರ್ಲಿಂಗ್ ಬೆಳ್ಳಿಯಲ್ಲಿ ನೂರಕ್ಕೆ 7.5 ಭಾಗ ತಾಮ್ರ. ಆಮ್ಲ ಅದನ್ನು ಹಿಡಿದು ಹಸಿರು ಕಿಲುಬು ಮಾಡುತ್ತದೆ. ಚಿನ್ನದ ಪೊರೆ ತೂತುಬಿದ್ದ ಕಡೆ ಈ ಕೆಲಸ ಇನ್ನೂ ಜೋರು, ಏಕೆಂದರೆ ಚಿನ್ನ ಮತ್ತು ಅಡಿಯ ಲೋಹದ ನಡುವೆ ತೇವ ಸೇರಿದರೆ ಪುಟ್ಟ ಬ್ಯಾಟರಿಯೇ ಆಗಿ, ಕರಗುವುದು ಅಡಿಯ ಲೋಹ.

ಮದ್ದು ಶುದ್ಧ ಅಸಿಟೋನ್. ಉಗುರುಬಣ್ಣ ತೆಗೆಯುವ ಬಾಟಲಿಯಲ್ಲಿ ಎಣ್ಣೆ, ಸುವಾಸನೆ, ಬಣ್ಣ ಬೆರೆತಿರುತ್ತದೆ, ಅದು ಬೇಡ. ಮುಚ್ಚಳವಿರುವ ಗಾಜಿನ ಪುಟ್ಟ ಜಾಡಿಯಲ್ಲಿ 50 ಮಿಲಿಲೀಟರ್ ಹಾಕಿ, ನಾಣ್ಯವನ್ನು ನೈಲಾನ್ ತುದಿಯ ಚಿಮಟದಲ್ಲಿ ಇಳಿಸಿ 10 ನಿಮಿಷ ಬಿಡಲಾಯಿತು. ಪ್ಲಾಸ್ಟಿಕ್ ಲೋಟ ಬಳಸಿದರೆ ಲೋಟವೇ ಕರಗಿ ನಾಣ್ಯಕ್ಕೆ ಅಂಟಬಹುದು. ಮೊದಲ ಸಲದ ಅಸಿಟೋನಿಗೆ ತೆಳು ಹಸಿರು ಛಾಯೆ ಬಂತು. ಅದನ್ನು ಬದಲಿಸಿ ಇನ್ನೆರಡು ಸಲ 10 ನಿಮಿಷ. ಮೂರನೆಯದು ತಿಳಿಯಾಗೇ ಉಳಿಯಿತು. ಬದಲಿಸದೆ ಅದೇ ದ್ರವದಿಂದ ಎತ್ತಿ ಒಣಗಿಸಿದರೆ ಕರಗಿದ ಜಿಡ್ಡು ಇಡೀ ನಾಣ್ಯದ ಮೇಲೆ ತೆಳುವಾಗಿ ಹರಡಿಕೊಳ್ಳುತ್ತದೆ. ಬಹಳ ಜನ ತಪ್ಪುವುದು ಇಲ್ಲೇ. ಮುಳುಗಿದ್ದಾಗ ಉಜ್ಜುವುದಿಲ್ಲ, ಜಾಡಿಯನ್ನು ಮೆಲ್ಲಗೆ ಅಲುಗಿಸುವುದಷ್ಟೆ.

ಅಸಿಟೋನ್ ಚಿನ್ನ ಬೆಳ್ಳಿಗಳನ್ನು ಮುಟ್ಟುವುದಿಲ್ಲ, ಆದರೆ ಬೆಂಕಿಯನ್ನು ಬಹು ಬೇಗ ಹಿಡಿಯುತ್ತದೆ. ಒಲೆ, ದೇವರ ದೀಪ, ಊದುಬತ್ತಿ ಯಾವುದೂ ಆ ಕೋಣೆಯಲ್ಲಿ ಇರಬಾರದು, ಕಿಟಕಿ ತೆರೆದಿರಬೇಕು, ಹೇರ್ ಡ್ರೈಯರಿನಿಂದ ಒಣಗಿಸಬಾರದು. ನಾಣ್ಯದ ಮೇಲೆ ಬಣ್ಣ ತುಂಬಿದ್ದರೆ ಅಸಿಟೋನ್ ಬಳಸುವ ಮೊದಲು ಬಲ್ಲವರನ್ನು ಕೇಳಬೇಕು. ಸುಟ್ಟ ಎನಾಮಲ್ ತಡೆಯುತ್ತದೆ, ರಾಳದ ಬಣ್ಣ ಕರಗಿಹೋಗುತ್ತದೆ.

ಮೂರು ಸ್ನಾನದ ನಂತರ ಜಿಡ್ಡು ಹೋಯಿತು, ಹಲ್ಲುಗೆರೆಗಳ ನಡುವೆ ಗಟ್ಟಿ ಹಸಿರಿನ ಐದು ಚುಕ್ಕೆ ಉಳಿದವು. ಅವು ಜಿಡ್ಡಲ್ಲ, ಲೋಹವೇ ಕಿಲುಬಾದದ್ದು, ಅಸಿಟೋನಿಗೆ ಬಗ್ಗುವುದಿಲ್ಲ. ಡಿಸ್ಟಿಲ್ಡ್ ನೀರಿನಲ್ಲಿ ನೆನೆಸಿ ಮೆತ್ತಗಾದ ಮರದ ಹಲ್ಲುಕಡ್ಡಿಯಿಂದ, ಲೂಪಿನ ಕೆಳಗೆ, ಗೆರೆಯ ಉದ್ದಕ್ಕೆ ಮಾತ್ರ ಸರಿಸಿ ಮೂರನ್ನು ಬಿಡಿಸಲಾಯಿತು. ಉಳಿದ ಎರಡರ ಸುತ್ತ ಚಿನ್ನ ಅಲುಗಿದಂತೆ ಕಂಡದ್ದರಿಂದ ಕೈ ಬಿಡಲಾಯಿತು. ಆಮೇಲೆ ಡಿಸ್ಟಿಲ್ಡ್ ನೀರಿನಲ್ಲಿ ಎರಡು ಸಲ ಅದ್ದಿ, ನೀರನ್ನು ಓಡಿಸಲು ಹೊಸ ಅಸಿಟೋನಿನಲ್ಲಿ ಒಂದು ಸಲ ಅದ್ದಿ, ಒತ್ತುಕಾಗದದ ಮೇಲೆ ಒಂದು ಗಂಟೆ ಬಿಟ್ಟದ್ದು. ನಲ್ಲಿನೀರು ಬೇಡ, ಅದರಲ್ಲಿ ಕ್ಲೋರಿನ್ ಇದೆ.

ಕಪ್ಪು ಚುಕ್ಕೆಗಳನ್ನು ಹಾಗೇ ಬಿಡಲಾಯಿತು. ಅದು ಚಿನ್ನಕ್ಕೆ ಹಿಡಿದ ಕೊಳೆಯಲ್ಲ. ಪೊರೆಯ ಸೂಕ್ಷ್ಮ ತೂತುಗಳಿಂದ ಅಡಿಯ ಬೆಳ್ಳಿ ಗಾಳಿಯ ಗಂಧಕದೊಂದಿಗೆ ಸೇರಿ ಕಪ್ಪಾಗಿ ಮೇಲೆ ಬಂದು ಚಿನ್ನದ ಮೇಲೆ ಹರಡಿಕೊಂಡದ್ದು. ಮನೆಯವರು ತಂದಿದ್ದ ದ್ರಾವಣದಲ್ಲಿ ಇದ್ದದ್ದು ಥಯೋಯೂರಿಯಾ ಮತ್ತು ಆಮ್ಲ. ಅದು ಕಪ್ಪನ್ನು ಕರಗಿಸುತ್ತದೆ ನಿಜ, ಆದರೆ ಆ ಕಪ್ಪು ನಿನ್ನೆಯವರೆಗೆ ಬೆಳ್ಳಿಯಾಗಿತ್ತು. ಕರಗಿದ ಜಾಗದಲ್ಲಿ ಗುಳಿ ಬೀಳುತ್ತದೆ, ಗುಳಿಯ ಮೇಲಿನ ಚಿನ್ನ ಆಧಾರವಿಲ್ಲದೆ ಎದ್ದುಹೋಗುತ್ತದೆ. ಅಲ್ಯೂಮಿನಿಯಂ ಹಾಳೆ, ಅಡುಗೆ ಸೋಡಾ, ಬಿಸಿನೀರಿನ ಉಪಾಯ ಬೆಳ್ಳಿ ಲೋಟಕ್ಕೆ ಸರಿ. ಗಿಲೀಟಿನ ನಾಣ್ಯದಲ್ಲಿ ಪೊರೆಯ ಅಡಿಯಲ್ಲಿ ಏಳುವ ಗುಳ್ಳೆಗಳು ಅದನ್ನು ಎಬ್ಬಿಸುತ್ತವೆ. ವಿಭೂತಿ, ಹಲ್ಲುಪುಡಿ, ಟೂತ್‌ಪೇಸ್ಟ್ ಇವುಗಳಿಂದ ನಮ್ಮ ಮನೆಗಳಲ್ಲಿ ದೀಪದ ಕಂಬ, ಕುಂಕುಮದ ಬಟ್ಟಲು ಬೆಳಗುತ್ತೇವೆ. ಅವು ಪುಡಿಯಾದ ಅರಗಳೇ. ಅರ್ಧ ಮೈಕ್ರಾನ್ ಚಿನ್ನ ನಾಲ್ಕು ತಿಕ್ಕಿಗೆ ಉಳಿಯುವುದಿಲ್ಲ, ರಾಣಿಯ ಹುಬ್ಬೂ ಉಳಿಯುವುದಿಲ್ಲ. ಹುಣಸೆಹಣ್ಣು, ನಿಂಬೆರಸಗಳ ಆಮ್ಲ ತಾಮ್ರವನ್ನು ಸೆಳೆದುಕೊಂಡು ಮೇಲ್ಮೈಯನ್ನು ಮಂಕಾಗಿಸುತ್ತದೆ.

ಇಟ್ಟದ್ದು ಎಲ್ಲಿ

ಹಳೆಯ ಚೀಲ ಪಿವಿಸಿಯೇ ಎಂಬುದನ್ನು ಖಚಿತ ಮಾಡಿಕೊಂಡದ್ದು ತಾಮ್ರದ ತಂತಿಯಿಂದ. ತಂತಿಯ ತುದಿಯನ್ನು ಕೆಂಪಗೆ ಕಾಯಿಸಿ ಚೀಲದ ಮೂಲೆಗೆ ತಾಗಿಸಿ ಮತ್ತೆ ಜ್ವಾಲೆಗೆ ಹಿಡಿದರೆ, ಕ್ಲೋರಿನ್ ಇದ್ದಲ್ಲಿ ಜ್ವಾಲೆ ಹಚ್ಚಹಸಿರಾಗುತ್ತದೆ. ಬಯಲಿನಲ್ಲಿ, ಅಸಿಟೋನ್ ಎತ್ತಿಟ್ಟ ಮೇಲೆ, ಹೊಗೆ ಕುಡಿಯದಂತೆ ಮಾಡಬೇಕು. ತಂತಿ ಇಲ್ಲದವರಿಗೆ ಮೂಗೇ ಸಾಕು: ಹೊಸ ಮಳೆಕೋಟಿನ ವಾಸನೆ ಬರುವ, ಬೆರಳಿಗೆ ಜಿಡ್ಡು ತಾಗುವ ಚೀಲದಲ್ಲಿ ಯಾವ ನಾಣ್ಯವನ್ನೂ ಇಡಬಾರದು.

ಈಗ ನಾಣ್ಯ ಗಟ್ಟಿ ಅಕ್ರಿಲಿಕ್ ಕ್ಯಾಪ್ಸೂಲಿನಲ್ಲಿದೆ. ಒಳಅಳತೆ 19.5 ಮಿಲಿಮೀಟರ್, ಇನ್ನೂ ದೊಡ್ಡದಾದರೆ ನಾಣ್ಯ ಒಳಗೆ ಗಡಗಡ ಆಡಿ ಚಿನ್ನ ಸವೆಯುತ್ತದೆ. ಮೈಲಾರ್ ಎಂಬ ಪಾಲಿಯೆಸ್ಟರ್ ಹಾಳೆಯ ಚೀಲವೂ ಆದೀತು, ಆದರೆ ಅದು ಗಡುಸು, ತೆಗೆಯುವಾಗ ಹಾಕುವಾಗ ಉಬ್ಬುಗಳನ್ನು ತರಚುತ್ತದೆ. ಗಿಲೀಟಿನ ನಾಣ್ಯಕ್ಕೆ ಕ್ಯಾಪ್ಸೂಲೇ ಮೇಲು. ಕ್ಯಾಪ್ಸೂಲ್ ಇರುವ 3 ಲೀಟರಿನ ಪಾಲಿಪ್ರೊಪಿಲೀನ್ ಡಬ್ಬಿಯಲ್ಲಿ 60 ಗ್ರಾಂ ಸಿಲಿಕಾ ಜೆಲ್, ಒಂದು ಪುಟ್ಟ ತೇವಮಾಪಕ. ಅಂಕಿ ನೂರಕ್ಕೆ 40ರ ಒಳಗಿರಬೇಕು. ಮಂಗಳೂರು, ಕಾರವಾರ, ಮಡಿಕೇರಿಯ ಮಳೆಗಾಲದಲ್ಲಿ ಡಬ್ಬಿ ಎಷ್ಟು ಸಲ ತೆರೆಯುತ್ತೀರೋ ಅಷ್ಟು ಬೇಗ ಜೆಲ್ ಬಣ್ಣ ಬದಲಿಸುತ್ತದೆ. ಆಗ ಅದನ್ನು ಬಿಸಿಮಾಡಿ ಒಣಗಿಸಿ, ಪೂರ್ತಿ ಆರಿದ ಮೇಲೆ ಮತ್ತೆ ಇಡಬೇಕು. ರಬ್ಬರ್ ಬ್ಯಾಂಡ್, ಉಣ್ಣೆಬಟ್ಟೆ, ಸುದ್ದಿಪತ್ರಿಕೆ, ಓಕ್ ಮರದ ಪೆಟ್ಟಿಗೆ ಇವು ಹತ್ತಿರವೂ ಬೇಡ. ಮೊದಲೆರಡರಿಂದ ಗಂಧಕ, ಕೊನೆಯೆರಡರಿಂದ ಆಮ್ಲ.

ಹಿಡಿಯುವಾಗ ಮೆತ್ತನೆಯ ಬಟ್ಟೆಯ ಮೇಲೆ, ಕೂತುಕೊಂಡು, ಅಂಚಿನಲ್ಲಿ ಎರಡು ಬೆರಳು. ಈ ನಾಣ್ಯದ ಅಂಚಿನಲ್ಲೂ ಚಿನ್ನವಿರುವುದರಿಂದ ಪುಡಿ ಹಾಕದ ನೈಟ್ರೈಲ್ ಕೈಗವಸು ಕಡ್ಡಾಯ. ಹತ್ತಿಯ ಕೈಗವಸಿನ ನೂಲು ಎದ್ದ ಪೊರೆಗೆ ಸಿಕ್ಕಿಕೊಳ್ಳಬಹುದು, ಹಿಡಿತವೂ ಜಾರುತ್ತದೆ.

ದಾಖಲೆಯ ಕಾರ್ಡಿನಲ್ಲಿ ಶುಚಿಗೊಳಿಸುವ ಮೊದಲಿನ ಮತ್ತು ನಂತರದ ತೂಕ, 2.740 ಮತ್ತು 2.737 ಗ್ರಾಂ, ಎರಡೂ ಬದಿಯ, ಅಂಚಿನ ನಾಲ್ಕು ದಿಕ್ಕಿನ ಚಿತ್ರ, ಬೆಳಕು ಯಾವ ಕಡೆಯಿಂದ ಎಂಬ ಟಿಪ್ಪಣಿಯೊಂದಿಗೆ, ಬಿಟ್ಟುಬಂದ ಎರಡು ಹಸಿರು ಚುಕ್ಕೆಗಳ ಸ್ಥಾನ, ಗಡಿಯಾರದ ಲೆಕ್ಕದಲ್ಲಿ ನಾಲ್ಕು ಮತ್ತು ಏಳು ಗಂಟೆ. ಮೊದಲ ಆರು ತಿಂಗಳು ತಿಂಗಳಿಗೊಮ್ಮೆ ಆ ಎರಡನ್ನೇ ಲೂಪಿನಲ್ಲಿ ನೋಡಬೇಕು. ಹಸಿರು ಹಬ್ಬಿದರೆ, ಅಥವಾ ಒಣಗಿದ್ದದ್ದು ಮತ್ತೆ ಒದ್ದೆಯಾಗಿ ಹೊಳೆದರೆ, ಲೋಹಸಂರಕ್ಷಣೆ ಬಲ್ಲವರ ಕೈಗೇ ಕೊಡಬೇಕು. ‘ಅಜ್ಜಿಯ ಅರ್ಧ ಸವರನ್’ ಎಂಬ ಚೀಟಿಯನ್ನು ತಪ್ಪೆಂದು ಎಸೆಯದೆ, ಕಾಗದದ ಆಮ್ಲ ನಾಣ್ಯಕ್ಕೆ ತಾಗದಂತೆ ಬೇರೆ ಮೈಲಾರ್ ಚೀಲಕ್ಕೆ ಹಾಕಿ ಅದೇ ಡಬ್ಬಿಯಲ್ಲಿ ಇಡಲಾಗಿದೆ. ಈ ಆರು ಪೆನ್ಸನ್ನು ಹತ್ತು ಷಿಲಿಂಗೆಂದೇ ನಂಬಿ ಕಾಪಾಡಿದ ಮನೆಯೊಂದಿತ್ತು ಎಂಬುದಕ್ಕೆ ಉಳಿದಿರುವ ಬರಹ ಅದೊಂದೇ.